ಪದಚರ್ಚೆ: ಎಂಜಿನ್ ಕೋಡಿನ ‘ಲೀನ್’, ‘ರಿಚ್’, ‘ಟ್ರಿಮ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಮನೆಯಲ್ಲೇ ಕಾರಿನ ಕೋಡ್ (ತೊಂದರೆ ಕಂಡಾಗ ಎಂಜಿನ್ ಕಂಪ್ಯೂಟರ್ ಬರೆದಿಡುವ ಸಂಖ್ಯೆ, ಇದರ ಜೊತೆಗೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತುತ್ತದೆ) ಓದಿ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರಿಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಡ್ಯಾಶ್‌ಬೋರ್ಡಿನ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರುತ್ತಲ್ವಾ, ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ ಮೊಬೈಲಿನಲ್ಲಿ ನೋಡುವ ಕೆಲಸ. ಹೆಚ್ಚಿನ ಭಾಗ ಸಲೀಸಾಗಿ ಬರೆದಾಯಿತು. ಪಿ0171 ಮತ್ತು ಪಿ0172 ಹತ್ತಿರ ಬಂದಾಗ ಪೆನ್ನು ನಿಂತಿದೆ. ಮೊದಲನೆಯದಕ್ಕೆ ಸ್ಕ್ಯಾನರ್ ಹೇಳುವುದು ‘ಸಿಸ್ಟಮ್ ಟೂ ಲೀನ್, ಬ್ಯಾಂಕ್ 1’. ಎರಡನೆಯದು ‘ಸಿಸ್ಟಮ್ ಟೂ ರಿಚ್, ಬ್ಯಾಂಕ್ 1’. ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿಯ ಪಾಲು ಹೆಚ್ಚಾಗಿ ಕಂಡರೆ ಲೀನ್, ಅದರ ಉಲ್ಟಾ ಆದರೆ ರಿಚ್.

ಮಷೀನ್ ಅನುವಾದಕ್ಕೆ ಹಾಕಿದೆ. ‘ವ್ಯವಸ್ಥೆ ತುಂಬಾ ಶ್ರೀಮಂತವಾಗಿದೆ’ ಅಂದಿತು. ಮೈಲೇಜ್ ಬರದೆ ದಿನಾ ಪೆಟ್ರೋಲ್ ಬಂಕಿಗೆ ದುಡ್ಡು ಸುರಿಯುವವನಿಗೆ ಇದು ಗಾಯದ ಮೇಲೆ ಉಪ್ಪು. ಲೀನ್ ಅನ್ನುವುದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದರೆ ಇನ್ನೊಂದು ತೊಂದರೆ. ನಮ್ಮ ಕಣ್ಣಿಗೆ ಅದು ‘ಲೀನ’ ಅಂತಲೇ ಕಾಣುತ್ತದೆ. ಎಂಜಿನ್ ಪಂಚಭೂತಗಳಲ್ಲಿ ಲೀನ ಆಗಿದೆ ಅಂದರೆ ಗುಜರಿಗೆ ಹಾಕುವುದೊಂದೇ ದಾರಿ.

ನಗು ಬಿಟ್ಟು ವಿಷಯಕ್ಕೆ ಬರುತ್ತೇನೆ. ಇಲ್ಲಿ ಪದ ತಪ್ಪಾದರೆ ರಿಪೇರಿಯೂ ತಪ್ಪಾಗುತ್ತದೆ, ಅದಕ್ಕೇ ಇಷ್ಟು ತಲೆಕೆಡಿಸಿಕೊಂಡಿದ್ದೇನೆ. ನಮ್ಮ ಪಕ್ಕದ ಮನೆಯವರ ಹಳೇ ಸೆಡಾನಿಗೆ ಪಿ0171 ಬಂತು. ಯಾರೋ ‘ಲೀನ್ ಅಂದ್ರೆ ಪೆಟ್ರೋಲ್ ಕಮ್ಮಿ ಹೋಗ್ತಿದೆ’ ಅಂತ ಹೇಳಿದರು. ಸರಿ, ಫಿಲ್ಟರ್ ಬದಲಾಯಿತು, ಆಮೇಲೆ ಟ್ಯಾಂಕಿನೊಳಗಿನ ಪಂಪೂ ಬದಲಾಯಿತು, ಲೈಟ್ ಮಾತ್ರ ಆರಲಿಲ್ಲ. ಕೊನೆಗೆ ನೋಡಿದರೆ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಪೆಟ್ರೋಲ್ ಸರಿಯಾಗೇ ಹೋಗುತ್ತಿತ್ತು. ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು, ಅಷ್ಟೇ. ‘ಪೆಟ್ರೋಲ್ ಕಮ್ಮಿ’ ಅನ್ನುವ ಎರಡು ಪದಕ್ಕೆ ಅವರು ಕೊಟ್ಟ ಬೆಲೆ ಸಾವಿರಗಟ್ಟಲೆ ರೂಪಾಯಿ.

ಈ ಕೋಡ್ ನಿಜವಾಗಿ ಏನು ಹೇಳುತ್ತದೆ? ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ಕಂಪ್ಯೂಟರ್ ಒಳಬರುವ ಗಾಳಿಯ ಲೆಕ್ಕ ಹಿಡಿದು ಪೆಟ್ರೋಲ್ ಚಿಮ್ಮಿಸುತ್ತದೆ. ಸರಿಹೋಯಿತಾ ಅಂತ ನೋಡಲು ಸೈಲೆನ್ಸರ್ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಹಳೇ ಮಾದರಿಯ ಸೆನ್ಸರ್ ಆದರೆ 0.1ರಿಂದ 0.9 ವೋಲ್ಟಿನ ನಡುವೆ ಓಲಾಡುತ್ತದೆ. 0.45ಕ್ಕಿಂತ ಕೆಳಗಿದ್ದರೆ ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿದೆ, ಮೇಲಿದ್ದರೆ ಮಿಕ್ಕಿಲ್ಲ ಅಂತ ಅರ್ಥ. ಮಿಕ್ಕಿದ್ದರೆ ಕಂಪ್ಯೂಟರ್ ಪೆಟ್ರೋಲ್ ಏರಿಸುತ್ತದೆ, ಇಲ್ಲದಿದ್ದರೆ ಇಳಿಸುತ್ತದೆ. ಹೀಗೆ ಏರಿಸಿ ಏರಿಸಿ, ಇನ್ನು ನನ್ನ ಕೈಲಾಗಲ್ಲ ಅನ್ನುವ ಮಿತಿ ತಲುಪಿದಾಗ ಪಿ0171 ಹಾಕುತ್ತದೆ. ಬಹಳ ಗಾಡಿಗಳಲ್ಲಿ ಆ ಮಿತಿ ಶೇಕಡಾ 25ರ ಆಸುಪಾಸು. ಇಳಿಸಿ ಇಳಿಸಿ ಸಾಕಾದರೆ ಪಿ0172.

ಅಂದರೆ ಸೆನ್ಸರ್ ನೋಡುವುದು ಆಕ್ಸಿಜನ್ನನ್ನು, ಪೆಟ್ರೋಲನ್ನಲ್ಲ. ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪ್ ಬಿರುಕು ಬಿಟ್ಟು ಹೊರಗಿನ ಗಾಳಿ ಸೇರಿಕೊಂಡರೂ ‘ಲೀನ್’ ಅನ್ನುತ್ತದೆ. ಒಂದು ಪ್ಲಗ್ ಹೊತ್ತಿಕೊಳ್ಳದೆ ಮಿಸ್ಸಿಂಗ್ ಆದರೂ ಅಷ್ಟೇ, ಉರಿಯದ ಆಕ್ಸಿಜನ್ ಹಾಗೇ ಹೊರಬರುತ್ತದೆ, ಪಾಪ ಪೆಟ್ರೋಲ್ ಅಲ್ಲಿ ಜಾಸ್ತಿಯೇ ಇದ್ದರೂ.

ಹಾಗಾಗಿ ನನಗೆ ಬೇಕಿರುವ ಪದ ಕಾರಣವನ್ನು ಮೊದಲೇ ಹೇಳಿಬಿಡಬಾರದು. ‘ಪೆಟ್ರೋಲ್ ಕಮ್ಮಿ’ ಬೇಡ, ‘ಗಾಳಿ ಜಾಸ್ತಿ’ಯೂ ಬೇಡ. ನಮ್ಮ ಮೆಕ್ಯಾನಿಕ್ಕುಗಳು ‘ಏರ್ ಎಳೀತಿದೆ’ ಅನ್ನುತ್ತಾರೆ. ಒಳ್ಳೇ ಮಾತು, ಆದರೆ ಅದು ಹಲವು ಕಾರಣಗಳಲ್ಲಿ ಒಂದಕ್ಕೆ ಮಾತ್ರ ಹೊಂದುತ್ತದೆ. ರಿಚ್ ಆದರೆ ‘ಪೆಟ್ರೋಲ್ ಜಾಸ್ತಿ ಹೋಗ್ತಿದೆ’ ಅನ್ನುತ್ತಾರೆ, ಅದೂ ಕಾರಣವನ್ನು ಮೊದಲೇ ಹೇಳಿಬಿಡುತ್ತದೆ.

ನನಗೆ ಹೊಳೆದದ್ದು ‘ಹದ’. ಪಾಕಕ್ಕೆ ಹದ ಇದೆ, ಮಣ್ಣಿಗೆ ಹದ ಇದೆ, ಮಿಶ್ರಣಕ್ಕೂ ಇರಲಿ. 14.7 ಅಂದರೆ ಹದ. ಲೀನ್ ಅಂದರೆ ‘ಹದಕ್ಕಿಂತ ತೆಳು’. ಮಜ್ಜಿಗೆ ತೆಳು ಅಂದಾಗ ನೀರು ಜಾಸ್ತಿಯೋ ಮೊಸರು ಕಮ್ಮಿಯೋ ಅಂತ ಯಾರೂ ಹೇಳಿರುವುದಿಲ್ಲ, ತೆಳು ಅಂತ ಮಾತ್ರ ಗೊತ್ತಾಗುತ್ತದೆ. ನನಗೆ ಬೇಕಾದದ್ದು ಅದೇ. ರಿಚ್‌ಗೆ ಎದುರು ಪದ ಯಾವುದು? ‘ಗಟ್ಟಿ’ ಅಂದರೆ ಕಲ್ಲು ನೆನಪಾಗುತ್ತದೆ. ‘ಮಂದ’ ನನಗೆ ಇಷ್ಟ, ಆದರೆ ‘ಎಂಜಿನ್ ಮಂದವಾಗಿದೆ’ ಅಂದರೆ ಪಿಕಪ್ ಇಲ್ಲ ಅಂತ ಓದಿಕೊಳ್ಳುತ್ತಾರೆ. ‘ದಟ್ಟ’ ಹೇಗೆ? ಅದಕ್ಕೆ ಹೊಗೆಯ ವಾಸನೆ ಇದೆ. ಪಿ0172 ಬಂದ ಗಾಡಿ ಕೆಲವೊಮ್ಮೆ ಕಪ್ಪು ಹೊಗೆ ಉಗುಳುತ್ತದೆ ಅನ್ನುವುದೂ ನಿಜವೇ ಅನ್ನಿ.

ಇಲ್ಲಿ ಒಂದು ಅಡ್ಡಮಾತು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಮಂಡ್ಯ, ಬೆಳಗಾವಿ ಕಡೆಯ ಕಬ್ಬೂ ಅದರಲ್ಲಿ ಸೇರುತ್ತದೆ. ಎಥನಾಲ್ ಉರಿಯಲು ಒಂಬತ್ತು ಪಟ್ಟು ಗಾಳಿ ಸಾಕು, ಅದರಿಂದ ಬೆರಕೆಯ ಹದ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹಳೇ ಲೆಕ್ಕದ ಕಂಪ್ಯೂಟರಿಗೆ ಇದು ಸ್ವಲ್ಪ ತೆಳುವಾಗಿ ಕಾಣುತ್ತದೆ, ಅದು ಶೇಕಡಾ ಎಂಟರಷ್ಟು ಪೆಟ್ರೋಲ್ ಏರಿಸಿಕೊಂಡು ಸುಮ್ಮನಾಗುತ್ತದೆ. ಬರೀ ಇದರಿಂದಲೇ ಕೋಡ್ ಬರುವುದು ಅಪರೂಪ. ಮೊದಲೇ ಒಂದು ಪೈಪ್ ಸೀಳಿದ್ದರೆ ಇದು ಅದನ್ನು ಮಿತಿ ದಾಟಿಸಬಹುದು. ಆಮೇಲೆ ಎಲ್ಲರೂ ಎಥನಾಲನ್ನೇ ಬೈಯುತ್ತಾರೆ.

ಎರಡನೇ ಪದ ‘ಫ್ಯೂಯಲ್ ಟ್ರಿಮ್’, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಏರಿಸಿದೆ ಇಲ್ಲವೇ ಇಳಿಸಿದೆ ಅಂತ ಸ್ಕ್ಯಾನರ್ ತೋರಿಸುವ ಅಂಕಿ. ಇದು ಲೀನ್‌ಗಿಂತ ಕಷ್ಟ. ನಮ್ಮಲ್ಲಿ ಟ್ರಿಮ್ ಅಂದರೆ ಗಡ್ಡ ಟ್ರಿಮ್ ಮಾಡಿಸುವುದು, ಕತ್ತರಿಸುವುದು. ಹಾಗಾಗಿ ‘ಟ್ರಿಮ್ +22’ ಅಂತ ಕಂಡರೆ ಪೆಟ್ರೋಲನ್ನು 22 ಭಾಗ ಕತ್ತರಿಸಿದೆ ಅಂತ ಓದುತ್ತಾರೆ. ನಿಜ ಅದರ ಉಲ್ಟಾ, ಶೇಕಡಾ 22 ಜಾಸ್ತಿ ಹಾಕುತ್ತಿದೆ ಅಂತ. ನಾನು ‘ಸರಿದೂಗಿಕೆ’ ಅಂತ ಬರೆದಿದ್ದೇನೆ. ಶಾರ್ಟ್ ಟರ್ಮ್ ಟ್ರಿಮ್ ಅನ್ನುವುದು ಗಳಿಗೆ ಗಳಿಗೆಗೂ ಕುಣಿಯುವ ಅಂಕಿ, ಅದಕ್ಕೆ ‘ಗಳಿಗೆಯ ಸರಿದೂಗಿಕೆ’. ಲಾಂಗ್ ಟರ್ಮ್ ಅನ್ನುವುದು ಓಡಿಸುತ್ತಾ ಓಡಿಸುತ್ತಾ ಕಂಪ್ಯೂಟರ್ ರೂಢಿ ಮಾಡಿಕೊಂಡದ್ದು. ‘ದೀರ್ಘಾವಧಿ’ ಅಂದರೆ ಬ್ಯಾಂಕಿನ ಠೇವಣಿ ಇದ್ದಂಗೆ ಕೇಳುತ್ತದೆ ಅಂತ ‘ಕಲಿತ ಸರಿದೂಗಿಕೆ’ ಮಾಡಿದೆ. ಎರಡನ್ನೂ ಕೂಡಿ ನೋಡಬೇಕು. ಕೂಡಿದಾಗ ಹತ್ತರೊಳಗಿದ್ದರೆ, ಪ್ಲಸ್ ಇರಲಿ ಮೈನಸ್ ಇರಲಿ, ಸಾಮಾನ್ಯವಾಗಿ ಚಿಂತೆ ಇಲ್ಲ.

ಮನೆಯಲ್ಲಿ ನೋಡುವವರಿಗೆ ಇದೇ ಮುಖ್ಯ ಸಲಕರಣೆ, ಅದಕ್ಕೇ ಈ ಪದ ಸರಿಯಾಗಿರಬೇಕು ಅಂತ ಹಟ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಒಂದು ಸಲ ಅಂಕಿ ಬರೆದುಕೊಳ್ಳಿ, ಆಮೇಲೆ 2500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದು ಇನ್ನೊಂದು ಸಲ. ಪಕ್ಕದ ಮನೆ ಗಾಡಿಯಲ್ಲಿ ಐಡ್ಲಿಂಗಿನಲ್ಲಿ +20 ದಾಟಿದ್ದು ರೇಸ್ ಮಾಡಿದಾಗ +4ಕ್ಕೆ ಇಳಿಯಿತು. ಹೀಗೆ ಇಳಿದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಅಂತ. ತೂತು ಇದ್ದಷ್ಟೇ ಇರುತ್ತದೆ, ಎಂಜಿನ್ ಜಾಸ್ತಿ ಗಾಳಿ ಕುಡಿಯುವಾಗ ಅದರ ಪಾಲು ಚಿಕ್ಕದಾಗುತ್ತದೆ. ಅದರ ಬದಲು ಐಡ್ಲಿಂಗಿನಲ್ಲಿ ಸರಿಯಿದ್ದು, ದಿಬ್ಬ ಹತ್ತುವಾಗ ಅಂಕಿ ಏರಿದರೆ ಪಂಪ್, ಫಿಲ್ಟರ್ ಇಲ್ಲವೇ ಧೂಳು ಹಿಡಿದ, ಒಳಬರುವ ಗಾಳಿ ಅಳೆಯುವ ಸೆನ್ಸರ್ ಕಡೆ ನೋಡಬೇಕು. ಆ ಸೆನ್ಸರಿನ ತಂತಿ ಬಲು ಸೂಕ್ಷ್ಮ. ಅದಕ್ಕೇ ಅಂತ ಬರುವ ಸ್ಪ್ರೇ ಹೊಡೆದು ಒಣಗಲು ಬಿಡಬೇಕು, ಬಟ್ಟೆಯಲ್ಲಿ ಒರೆಸಬಾರದು. ಇನ್ನು ಕೋಡ್ ಅಳಿಸಿದರೆ ಬಹಳ ಗಾಡಿಗಳಲ್ಲಿ ಕಲಿತ ಸರಿದೂಗಿಕೆಯೂ ಸೊನ್ನೆಗೆ ಬರುತ್ತದೆ, ಅಂಕಿಗಳನ್ನು ಬರೆದಿಟ್ಟುಕೊಳ್ಳದೆ ಅಳಿಸಬೇಡಿ.

ಈಗ ‘ವ್ಯಾಕ್ಯೂಮ್ ಲೀಕ್’. ಸೋರಿಕೆ ಅಂದರೆ ಒಳಗಿನದು ಹೊರಗೆ ಬರುವುದು. ಕೊಡ ಸೋರುತ್ತದೆ, ಮಾಡು ಸೋರುತ್ತದೆ. ‘ನಿರ್ವಾತ ಸೋರಿಕೆ’ ಅಂತ ಬರೆದುಕೊಟ್ಟರೆ ಓದಿದವರು ಗಾಡಿ ಕೆಳಗೆ ಬಗ್ಗಿ ಹನಿ ಹುಡುಕುತ್ತಾರೆ. ಇಲ್ಲಿ ಆಗುವುದು ಹೊರಗಿನ ಗಾಳಿ ಅಳತೆಗೆ ಸಿಗದೆ ಒಳಗೆ ನುಸುಳುವುದು. ನಾನು ‘ಕಳ್ಳಗಾಳಿ’ ಅಂತ ಕರೆಯಬೇಕು ಅಂದುಕೊಂಡಿದ್ದೇನೆ. ಕಳ್ಳಸಾಗಣೆ, ಕಳ್ಳಬಟ್ಟಿ, ಕಳ್ಳಲೆಕ್ಕ ಎಲ್ಲ ಇರುವಾಗ ಇದೊಂದು ಹೆಚ್ಚಲ್ಲ ಅಲ್ವಾ? ಸುಂಕದಕಟ್ಟೆ ತಪ್ಪಿಸಿ ಬಂದ ಗಾಳಿ.

ಆದರೆ ಒಂದು ತಕರಾರು ನನ್ನೊಳಗೇ ಇದೆ. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಕಾರುಗಳಲ್ಲಿ ಬರುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರೇ ಇಲ್ಲ. ಮ್ಯಾಪ್ ಸೆನ್ಸರ್ ಇರುತ್ತದೆ, ಅದು ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒಳಗಿನ ಒತ್ತಡ ನೋಡಿ ಗಾಳಿ ಎಷ್ಟಿದೆ ಅಂತ ಲೆಕ್ಕ ಹಾಕುತ್ತದೆ. ನುಸುಳಿದ ಗಾಳಿಯೂ ಒತ್ತಡ ಏರಿಸುವುದರಿಂದ ಅದು ಲೆಕ್ಕಕ್ಕೆ ಸಿಕ್ಕೇ ಸಿಗುತ್ತದೆ. ತಕ್ಕಷ್ಟು ಪೆಟ್ರೋಲೂ ಹೋಗುತ್ತದೆ, ಕೋಡ್ ಬರುವ ಬದಲು ಐಡ್ಲಿಂಗ್ ಏರಿ ಕೂರುತ್ತದೆ. ಅಲ್ಲಿ ಗಾಳಿ ಕಳ್ಳ ಅಲ್ಲ, ರಾಜಾರೋಷವಾಗಿ ಬಂದ ನೆಂಟ. ಹೀಗಿರುವಾಗ ‘ಕಳ್ಳಗಾಳಿ’ಯನ್ನು ಎರಡೂ ಬಗೆಯ ಗಾಡಿಗೆ ಬಳಸಬಹುದೇ, ಅಥವಾ ಸುಮ್ನೆ ‘ಒಳನುಗ್ಗುವ ಗಾಳಿ’ ಅಂದುಬಿಡಲೇ?

ಉಳಿದವು ಚಿಕ್ಕವು. ‘ಬ್ಯಾಂಕ್ 1’ ಅಂದರೆ ಒಂದನೇ ಸಿಲಿಂಡರ್ ಇರುವ ಸಾಲು. ವಿ6 ಎಂಜಿನ್ನಿಗೆ ಎರಡು ಸಾಲು, ಆ ಇನ್ನೊಂದು ಸಾಲಿನ ಕೋಡುಗಳು ಪಿ0174, ಪಿ0175. ನಮ್ಮ ಮೂರು, ನಾಲ್ಕು ಸಿಲಿಂಡರ್ ಗಾಡಿಗಳಿಗೆ ಸಾಮಾನ್ಯವಾಗಿ ಒಂದೇ ಸಾಲು, ಅಲ್ಲಿ ಅನುವಾದಿಸದೆ ಬಿಟ್ಟರೂ ನಷ್ಟವಿಲ್ಲ. ‘ಪೆಂಡಿಂಗ್ ಕೋಡ್’ಗೆ ‘ಬಾಕಿ’ ಅಂತ ಯಾರೋ ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ, ಅದು ಕಟ್ಟಬೇಕಾದ ದುಡ್ಡು ಅನ್ನಿಸುತ್ತದೆ. ಒಂದು ಸಲ ಓಡಿಸಿದಾಗ ಅನುಮಾನ, ಮುಂದಿನ ಸಲವೂ ಕಂಡರೆ ಲೈಟ್ ಹತ್ತುತ್ತದೆ. ‘ಅನುಮಾನದ ಕೋಡ್’, ‘ಖಾತ್ರಿ ಕೋಡ್’ ಅಂದರೆ ಸಾಕು. ‘ದೋಷ ಸಂಕೇತ’ ಅಂತೂ ಬೇಡವೇ ಬೇಡ. ನಾಗದೋಷ, ಕುಜದೋಷಗಳ ಸಾಲಿಗೆ ಸೇರಿಸಿ ಶಾಂತಿ ಮಾಡಿಸಿಯಾರು.

ಪಿ0172ರ ಕಾರಣಗಳನ್ನು ಬರೆಯುವಾಗಲೂ ಒಂದು ಪದ ಸಿಕ್ಕಿಲ್ಲ. ಮುಚ್ಚಿಕೊಳ್ಳದ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ನಳಿಕೆ), ಎಂಜಿನ್ ಬಿಸಿಯಾದರೂ ‘ಇನ್ನೂ ತಣ್ಣಗಿದೆ’ ಅಂತ ಸುಳ್ಳು ಹೇಳುವ ಕೂಲೆಂಟ್ ಸೆನ್ಸರ್, ಇವುಗಳನ್ನು ಹೇಳಿಬಿಡಬಹುದು. ಆದರೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ‘ಪರ್ಜ್ ವಾಲ್ವ್’ ಇದೆಯಲ್ಲ, ಅದು ತೆರೆದೇ ಕೂತರೂ ಮಿಶ್ರಣ ದಟ್ಟವಾಗುತ್ತದೆ. ಅದಕ್ಕೆ ಗ್ಯಾರೇಜಿನಲ್ಲಿ ಕನ್ನಡದ ಹೆಸರು ನಾನು ಕೇಳಿಲ್ಲ. ‘ಆವಿ ವಾಲ್ವ್’ ನಡೆಯುತ್ತಾ?

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ನಿಮ್ಮೂರ ಗ್ಯಾರೇಜಿನಲ್ಲಿ ಕಿವಿಗೆ ಬಿದ್ದ ಮಾತನ್ನೇ ಬರೆಯಿರಿ, ನಿಘಂಟಿನದು ಬೇಡ. ಕಾರ್ಬೊರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ ಕಿವಿಯಲ್ಲೇ ಹದ ಹಿಡಿಯುತ್ತಿದ್ದ ಬೈಕ್ ಮೆಕ್ಯಾನಿಕ್ಕುಗಳು ತೆಳುವಾದದ್ದಕ್ಕೆ, ದಟ್ಟವಾದದ್ದಕ್ಕೆ ಏನನ್ನುತ್ತಿದ್ದರು? ಪ್ಲಗ್ ಬಿಚ್ಚಿ ‘ಬೆಳ್ಳಗಾಗಿದೆ’, ‘ಮಸಿ ಹಿಡಿದಿದೆ’ ಅನ್ನುವುದು ನನಗೆ ಗೊತ್ತು. ಮಿಶ್ರಣಕ್ಕೇ ಅಂತ ಬೇರೆ ಮಾತು ಇದ್ದರೆ ಅದನ್ನೇ ಕೈಪಿಡಿಗೆ ಹಾಕಿ, ನನ್ನ ‘ದಟ್ಟ’ವನ್ನು ಕಿತ್ತುಹಾಕುತ್ತೇನೆ.