ದ್ವೀಪಕ್ಕೆ ಹೋಗಿ ಏನೂ ಕಾಣದೆ ಬಂದರೆ ದುಡ್ಡು ದಂಡವೇ?

ಕಡಲಕಿವಿ
ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ನಾವಿಬ್ಬರೂ ಹತ್ತು ದಿನ ಉಷ್ಣವಲಯದ ಯಾವುದಾದರೂ ದ್ವೀಪಕ್ಕೆ ಹೋಗಬೇಕು ಅಂತಿದ್ದೇವೆ. ರೆಸಾರ್ಟು, ಈಜುಕೊಳ ಬೇಡ. ಜೀವಮಾನದಲ್ಲಿ ಒಮ್ಮೆ ನೋಡುವಂಥದ್ದನ್ನು ನೋಡಬೇಕು. ಹುಡುಕಿ ಹುಡುಕಿ ಫಿಲಿಪ್ಪೀನ್ಸಿನ ವೇಲ್ ಶಾರ್ಕ್, ಅಂದರೆ ಜಗತ್ತಿನ ಅತಿ ದೊಡ್ಡ ಮೀನಿನ ಹತ್ತಿರ ಬಂದು ನಿಂತಿದ್ದೇವೆ. ಅಲ್ಲಿ ಎರಡು ಜಾಗ. ಸೆಬು ದ್ವೀಪದ ಓಸ್ಲೋಬ್‌ನಲ್ಲಿ ಮೀನುಗಾರರು ಪುಟ್ಟ ಸೀಗಡಿ ಎರಚಿ ಕರೆಯುತ್ತಾರೆ, ಹೆಚ್ಚುಕಮ್ಮಿ ದಿನಾ ಬೆಳಿಗ್ಗೆ ಸಿಗುತ್ತದೆ. ಲುಜಾನ್ ದ್ವೀಪದ ಡೊನ್ಸೊಲ್‌ನಲ್ಲಿ ತಿನ್ನಲು ಹಾಕುವುದಿಲ್ಲ, ದೋಣಿಯಲ್ಲಿ ಹುಡುಕಿಕೊಂಡು ಹೋಗಬೇಕು, ಸಿಗದೆಯೂ ಇರಬಹುದು. ನನಗೆ ಓಸ್ಲೋಬ್ ಸರಿ ಅನಿಸುತ್ತಿದೆ, ನನ್ನ ಹೆಂಡತಿಗೆ ಮನಸ್ಸು ಒಪ್ಪುತ್ತಿಲ್ಲ. ಅಷ್ಟು ದೂರ ಹೋಗಿ ಬರೀ ನೀರು ನೋಡಿ ಬಂದರೆ ಹೇಗೆ? ಹೋಗಿ ಬಂದವರು ಹೇಳಿ.

ಮರಳುದಾರಿ
ನಾನು ಓಸ್ಲೋಬ್‌ಗೆ ಹೋಗಿದ್ದೆ. ಕಂಡಿದ್ದನ್ನು ಕಂಡ ಹಾಗೆ ಹೇಳ್ತೀನಿ. ಬೆಳಕು ಹರಿಯುವ ಮೊದಲೇ ಸಾಲು. ಲೈಫ್ ಜಾಕೆಟ್ ಹಾಕಿಸಿ ದೋಣಿಗೆ ಕೂರಿಸಿ ದಂಡೆಯಿಂದ ಸ್ವಲ್ಪವೇ ದೂರ ಕರೆದೊಯ್ದರು. ನೀರಲ್ಲಿ ಅರ್ಧ ಗಂಟೆ. ಶಾರ್ಕ್ ಬಂತು, ಒಂದಲ್ಲ, ನಾಲ್ಕು. ದೋಣಿ ಪಕ್ಕದಲ್ಲಿ ನೆಟ್ಟಗೆ ನಿಂತುಕೊಂಡು, ಬಾಯಿ ತೆರೆದು, ಮೇಲಿಂದ ಬೀಳುವುದನ್ನು ಹೀರ್ತಾ ಇತ್ತು. ದೋಣಿಗೆ ಉಜ್ಜಿ ಉಜ್ಜಿ ಒಂದರ ತುಟಿಯ ಮೇಲೆ ಬಿಳಿ ಗಾಯ. ಅಷ್ಟು ದೊಡ್ಡ ಜೀವ ಒಂದು ಮುಷ್ಟಿ ಸೀಗಡಿಗಾಗಿ ದೋಣಿಯ ಹಿಂದೆ ಹಿಂದೆ ಸುತ್ತುವುದನ್ನು ನೋಡಿ ಹೊಟ್ಟೆಯಲ್ಲಿ ಸಂಕಟ ಆಯ್ತು. ಫೋಟೋ ಚೆನ್ನಾಗಿ ಬಂದಿವೆ, ಇವತ್ತಿನವರೆಗೂ ಯಾರಿಗೂ ತೋರಿಸಿಲ್ಲ. ನಿಮ್ಮ ಹೆಂಡತಿಯ ಮಾತು ಕೇಳಿ.

ಹಾಯಿಪಟ
ಮರಳುದಾರಿ ಅವರೇ, ನಿಮಗಾದ ಸಂಕಟವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಮುಷ್ಟಿ ಸೀಗಡಿ ಹಾಕುವವನ ಕಡೆಯಿಂದಲೂ ನೋಡಿ. ಫಿಲಿಪ್ಪೀನ್ಸಿನಲ್ಲಿ 1998ರವರೆಗೂ ವೇಲ್ ಶಾರ್ಕನ್ನು ಮಾಂಸಕ್ಕೆ, ರೆಕ್ಕೆಗೆ ಕೊಲ್ಲುತ್ತಿದ್ದರು. ಆ ವರ್ಷ ನಿಷೇಧ ಬಂತು. ನಿಷೇಧ ಕಾಗದದ ಮೇಲೆ ಉಳಿಯದೆ ಕಡಲಿಗೆ ಇಳಿಯಬೇಕಾದರೆ, ಜೀವಂತ ಶಾರ್ಕಿನಿಂದ ದಂಡೆಯ ಮನೆಗಳಲ್ಲಿ ಒಲೆ ಉರಿಯಬೇಕು. ಓಸ್ಲೋಬ್‌ನಲ್ಲಿ ಅದು ಆಗಿದೆ. ವರ್ಷದಲ್ಲಿ ಹತ್ತು ದಿನ ಹೋಗಿ ಬರುವ ನಾವು ನಮ್ಮ ಮನಸ್ಸಿಗೆ ಕಸಿವಿಸಿ ಆಯಿತೆಂದು ಅವರ ಅನ್ನದ ಮೇಲೆ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಪ್ಲವಕ
ಅನ್ನದ ಮಾತು ನಿಜ, ಹಾಯಿಪಟ ಅವರೇ. ಆದರೆ ಡೊನ್ಸೊಲ್‌ನಲ್ಲೂ ದಂಡೆಯ ಜನವೇ ದುಡಿಯುತ್ತಿರುವುದು, ಅದೇ 1998ರಿಂದ, ಒಂದು ಹಿಡಿ ಸೀಗಡಿಯೂ ಹಾಕದೆ. ದೋಣಿಯ ಮೂತಿಯಲ್ಲಿ ನಿಂತು ನೀರಿನಡಿಯ ನೆರಳು ಹುಡುಕುವವನು ಅಲ್ಲಿ ಹುಟ್ಟಿ ಬೆಳೆದ ಮೀನುಗಾರ. ಒಂದು ಶಾರ್ಕಿಗೆ ಒಂದೇ ದೋಣಿ, ಒಂದು ದೋಣಿಯಿಂದ ಆರೇ ಜನ ನೀರಿಗೆ. ಮುಟ್ಟುವಂತಿಲ್ಲ, ಗಾಳಿ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಇಲ್ಲ, ಫ್ಲ್ಯಾಶ್ ಇಲ್ಲ.

ಶಾರ್ಕಿನ ಲೆಕ್ಕವನ್ನೂ ಹಾಕಬೇಕು. ವೇಲ್ ಶಾರ್ಕ್ ಅಲೆಮಾರಿ. ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳು, ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಸಾವಿರಾರು ಕಿಲೋಮೀಟರ್ ಈಜುತ್ತದೆ, ಒಂದು ಕಿಲೋಮೀಟರಿಗೂ ಆಳಕ್ಕೆ ಮುಳುಗಿ ಬರುತ್ತದೆ. ಓಸ್ಲೋಬ್‌ನಲ್ಲಿ ಇರುವವು ಬಹುತೇಕ ಇನ್ನೂ ಬೆಳೆಯದ ಗಂಡುಗಳು. ಅವುಗಳಲ್ಲಿ ಕೆಲವು ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಡುತ್ತವೆ. ದೋಣಿ ಅಂದರೆ ಊಟ ಅಂತ ಕಲಿತ ಶಾರ್ಕು ಮುಂದೆ ಯಾವ ಕಡಲಿನಲ್ಲಿ, ಯಾರ ದೋಣಿಯ ಹತ್ತಿರ ಹೋಗಿ ನಿಲ್ಲುತ್ತದೆ? ನನಗೆ ಇರುವ ಭಯ ಅದು.

ಹಾಯಿಪಟ
ಆ ಭಯ ಸಕಾರಣವಾದದ್ದೇ. ಆದರೆ ಡೊನ್ಸೊಲ್‌ಗೆ ಕೆಲವು ವರ್ಷ ಶಾರ್ಕು ತೀರಾ ಕಡಿಮೆ ಬಂದವಲ್ಲ, ಆಗ ಆ ದೋಣಿಯವರ ಗತಿ? ಪ್ರವಾಸಿಗರು ಏನು ಮಾಡಿದರು? ಸೀದಾ ಓಸ್ಲೋಬ್‌ಗೆ ಹೋದರು. ಆಹಾರ ಹಾಕುವ ಪದ್ಧತಿಯನ್ನು ಹುಟ್ಟಿಸಿದ್ದು ಮೀನುಗಾರರ ಆಸೆಯಷ್ಟೇ ಅಲ್ಲ, "ಸಿಕ್ಕೇ ಸಿಗಬೇಕು" ಅನ್ನುವ ನಮ್ಮ ಹಟವೂ ಹೌದು.

ಪ್ಲವಕ
ಇದನ್ನು ಒಪ್ಪುತ್ತೇನೆ. ಪೂರ್ತಿಯಾಗಿ.

ಅಮಾವಾಸ್ಯೆ
ಕಡಲಕಿವಿ ಅವರೇ, ವೇಲ್ ಶಾರ್ಕ್ ಒಂದಕ್ಕೇ ಯಾಕೆ ಅಂಟಿಕೊಂಡಿರಿ? ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ಹತ್ತಿರ ವಿಯೆಕೆಸ್ ಅಂತ ಪುಟ್ಟ ದ್ವೀಪ ಇದೆ, ಅದರಲ್ಲಿ ಮಸ್ಕೀಟೊ ಕೊಲ್ಲಿ. ರಾತ್ರಿ ಕಯಾಕ್‌ನಲ್ಲಿ ಹೋಗಿ ಹುಟ್ಟು ಅದ್ದಿದರೆ ನೀರು ಬೆಳಗುತ್ತದೆ. ಮೀನು ಓಡಿದರೆ ಬೆಳಕಿನ ಗೆರೆ, ಮಳೆ ಹನಿ ಬಿದ್ದರೆ ಬೆಳಕಿನ ಚುಕ್ಕಿ. ಪೈರೋಡಿನಿಯಂ ಎನ್ನುವ ಏಕಕೋಶಜೀವಿಯ ಕೆಲಸ ಅದು, ನೀರು ಕದಡಿದಾಗ ಮಿನುಗುತ್ತದೆ. ಕೊಲ್ಲಿಯ ಬಾಯಿ ಕಿರಿದು, ಹಾಗಾಗಿ ಈ ಜೀವಿಗಳು ಹೊರಗಿನ ಕಡಲಿಗೆ ಕೊಚ್ಚಿಹೋಗುವುದು ಕಡಿಮೆ. ಸುತ್ತಲೂ ಮ್ಯಾಂಗ್ರೋವ್ ಕಾಡು, ಅದರ ಎಲೆ ಕೊಳೆತು ಅವಕ್ಕೆ ಪೋಷಣೆ.

ನಾನು ಮೊದಲ ಸಲ ಹೋದಾಗ ದಿನ ನೋಡದೆ ಟಿಕೆಟ್ ಮಾಡಿಸಿದ್ದೆ. ಹುಣ್ಣಿಮೆಗೆ ಎರಡೇ ದಿನ ಬಾಕಿ. ಬೆಳದಿಂಗಳಲ್ಲಿ ನೀರು ಮಾಮೂಲಿ ನೀರಿನ ಹಾಗೇ ಇತ್ತು. ಎರಡನೇ ಸಲ ಪಂಚಾಂಗ ನೋಡಿಕೊಂಡು ಅಮಾವಾಸ್ಯೆಗೆ ಹೋದೆ. ಕೈ ಅದ್ದಿ ಎತ್ತಿದರೆ ಬೆರಳ ಸಂದಿಯಿಂದ ಬೆಳಕು ಸೋರುತ್ತಿತ್ತು. ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಒಂದು ಎಚ್ಚರಿಕೆ: ಫೋಟೋಗಳಲ್ಲಿ ಕಾಣುವ ಗಾಢ ನೀಲಿ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದು ಹಿಡಿದದ್ದು. ಬರಿಗಣ್ಣಿಗೆ ಅದಕ್ಕಿಂತ ಮೆದುವಾಗಿ, ತುಸು ಬೆಳ್ಳಗೆ ಕಾಣುತ್ತದೆ. ಅಲ್ಲಿ ಈಜುವಂತಿಲ್ಲ, ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆ ಎಣ್ಣೆ ಆ ಜೀವಿಗಳಿಗೆ ಹಾನಿ ಅಂತ. 2017ರ ಮರಿಯಾ ಚಂಡಮಾರುತದ ನಂತರ ಕೊಲ್ಲಿ ಕತ್ತಲಾಗಿತ್ತು, ತಿಂಗಳುಗಳ ಮೇಲೆ ನಿಧಾನವಾಗಿ ಬೆಳಕು ಮರಳಿತು.

ಮರಳುದಾರಿ
ಈಜಬಾರದು ಅನ್ನುವ ನಿಯಮಕ್ಕೆ ನನ್ನ ಕೈಮುಗಿತ.

ಕಡಲಕಿವಿ
ಚಂದ್ರನ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಆದರೆ ಇದು ಒಂದು ರಾತ್ರಿಯ ಕೆಲಸ ಆಯಿತು. ನಮಗೆ ಜೀವಿಗಳ ನಡುವೆ ಇರಬೇಕು ಅನ್ನುವ ಆಸೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಪಲಾವುವಿನ ಜೆಲ್ಲಿಮೀನಿನ ಸರೋವರ ಹೇಗೆ? ಅಲ್ಲಿ ಲಕ್ಷಗಟ್ಟಲೆ ಇರುತ್ತವಂತೆ, ಅಲ್ಲಂತೂ ಖಾತ್ರಿಯಲ್ಲವೇ?

ಪ್ಲವಕ
ಖಾತ್ರಿ ಅಂತ ಅಲ್ಲೂ ಹೇಳಲಾಗದು. 2016ರಲ್ಲಿ ಎಲ್ ನೀನ್ಯೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಮಳೆ ಏರುಪೇರಾಗುವ ವಿದ್ಯಮಾನ, ತಂದ ಬರಗಾಲಕ್ಕೆ ಸರೋವರದ ಉಪ್ಪಿನಂಶ ಏರಿ ಬಂಗಾರದ ಬಣ್ಣದ ಜೆಲ್ಲಿಗಳು ಹೆಚ್ಚುಕಮ್ಮಿ ಮಾಯವಾದವು. ಜನರನ್ನು ಕರೆದೊಯ್ಯುವುದನ್ನೇ ನಿಲ್ಲಿಸಿದರು. ಸಂಖ್ಯೆ ಚೇತರಿಸಿಕೊಂಡ ಮೇಲೆ, 2019ರ ಹೊತ್ತಿಗೆ, ಮತ್ತೆ ತೆರೆದರು. 1998ರ ಎಲ್ ನೀನ್ಯೊ ಆದಮೇಲೂ ಹೀಗೇ ಆಗಿತ್ತು. ನೀವು ಹೋಗುವ ವರ್ಷ ಹೇಗಿದೆ ಅಂತ ವಿಚಾರಿಸಿಕೊಂಡೇ ಹೋಗಿ.

ಇದ್ದಾಗ ಮಾತ್ರ ಅದು ಬೇರೆಯೇ ಲೋಕ. ಈ ಜೆಲ್ಲಿಗಳ ಮೈಯೊಳಗೆ ಪಾಚಿ ವಾಸ ಮಾಡುತ್ತದೆ, ಬಿಸಿಲು ಕುಡಿದು ತಯಾರಿಸಿದ ಆಹಾರದಲ್ಲಿ ಮನೆಯೊಡೆಯನಿಗೂ ಪಾಲು ಕೊಡುತ್ತದೆ. ಹಾಗಾಗಿ ಇಡೀ ಹಿಂಡು ಬೆಳಿಗ್ಗೆ ಮೂಡಣಕ್ಕೆ, ಮಧ್ಯಾಹ್ನದ ಮೇಲೆ ಪಡುವಣಕ್ಕೆ ಸೂರ್ಯನ ಹಿಂದೆ ಸಾಗುತ್ತದೆ. ದಡದ ಮರಗಳ ನೆರಳಿನ ಗೆರೆ ಬಂದ ಕೂಡಲೇ ನಿಂತು ತಿರುಗುತ್ತವೆ. ಆ ನೆರಳಿನಲ್ಲಿ ಅವನ್ನು ಹಿಡಿದು ತಿನ್ನುವ ಕಡಲ ಹೂವುಗಳು, ಅಂದರೆ ಅನಿಮೋನ್‌ಗಳು, ಕಾದಿರುತ್ತವೆ. ಜೆಲ್ಲಿಗಳ ಚುಚ್ಚು ನಮ್ಮ ಚರ್ಮಕ್ಕೆ ಗೊತ್ತಾಗುವುದೇ ಇಲ್ಲ. ಸುಮಾರು 15 ಮೀಟರ್ ಕೆಳಗೆ ಹೈಡ್ರೋಜನ್ ಸಲ್ಫೈಡ್ ತುಂಬಿದ ವಿಷದ ನೀರು, ಆದ್ದರಿಂದ ಮೇಲೆ ತೇಲುವುದಷ್ಟೇ. ಕಾಲು ಬಡಿಯಬೇಡಿ, ಅವು ಹರಿದುಹೋಗುವಷ್ಟು ಮೆದು.

ಪಲಾವು ನನಗೆ ಇಷ್ಟವಾಗಲು ಇನ್ನೊಂದು ಕಾರಣ. 2017ರ ಕೊನೆಯಿಂದ ದೇಶಕ್ಕೆ ಕಾಲಿಡುವಾಗ ಪಾಸ್‌ಪೋರ್ಟಿನಲ್ಲಿ ಪ್ರತಿಜ್ಞೆಯ ಮುದ್ರೆ ಒತ್ತುತ್ತಾರೆ, ಅಲ್ಲಿನ ಮಕ್ಕಳ ಹೆಸರಿನಲ್ಲಿ, ಪ್ರಕೃತಿಗೆ ಕೇಡು ಮಾಡುವುದಿಲ್ಲ ಅಂತ. ಅದಕ್ಕೆ ಸಹಿ ಹಾಕಬೇಕು. 2020ರಿಂದ ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್‌ಗೆ ನಿಷೇಧವೂ ಇದೆ.

ನಿಧಾನಯಾತ್ರಿ
ಎಲ್ಲರೂ ನೀರಿನದೇ ಮಾತಾಡುತ್ತಿದ್ದೀರಿ. ಈಜು ಬಾರದವರಿಗೆ ದ್ವೀಪ ಇಲ್ಲವೇ? ನಾನು ಅಮ್ಮನನ್ನು ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿನೋವು, ನೀರೆಂದರೆ ಭಯ. ಪ್ರಾಸ್ಲಿನ್ ದ್ವೀಪದ ವಾಲೆ ದ ಮೇ ಎನ್ನುವ ತಾಳೆ ಕಾಡಿನಲ್ಲಿ ಒಂದು ಇಡೀ ಬೆಳಗು ಕಳೆದೆವು. ಕೊಕೊ ದ ಮೇರ್ ಎನ್ನುವ ತಾಳೆ ಮರ ತಾನಾಗಿ ಬೆಳೆಯುವುದು ಆ ದೇಶದ ಎರಡೇ ದ್ವೀಪಗಳಲ್ಲಿ. ಅದರ ಬೀಜ ಸಸ್ಯಲೋಕದಲ್ಲೇ ದೊಡ್ಡದು. ಆ ಎಲೆಗಳು ಎಷ್ಟು ದೊಡ್ಡವು, ಎಷ್ಟು ಬಿರುಸು ಅಂದರೆ, ಗಾಳಿ ಬೀಸಿದಾಗ ಒಂದಕ್ಕೊಂದು ಬಡಿದು ಮೇಲೆ ಯಾರೋ ಹಲಗೆ ಜೋಡಿಸುತ್ತಿರುವ ಸದ್ದು. ಅಮ್ಮ ಒಂದು ಬೆಂಚಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದರು. ಅಲ್ಲಿನ ಕಪ್ಪು ಗಿಳಿಯ ದನಿ ಕೇಳಿತು, ಹಕ್ಕಿ ಕಾಣಲಿಲ್ಲ. ನಮಗೆ ಅದೂ ಸಾಕಾಯಿತು.

ಹಾಯಿಪಟ
ಇದು ಓದಿ ಸಂತೋಷವಾಯಿತು. ನಡೆಯಲು ಸಿದ್ಧ ಇರುವವರಿಗೆ ಕ್ರಿಸ್‌ಮಸ್ ದ್ವೀಪವನ್ನೂ ಸೇರಿಸುತ್ತೇನೆ. ಹಿಂದೂ ಮಹಾಸಾಗರದಲ್ಲಿದೆ, ಆಡಳಿತ ಆಸ್ಟ್ರೇಲಿಯಾದ್ದು. ಮಳೆ ಶುರುವಾದೊಡನೆ ಕೋಟಿಗಟ್ಟಲೆ ಕೆಂಪು ಏಡಿಗಳು ಕಾಡಿನಿಂದ ಕಡಲಿಗೆ ಇಳಿಯುತ್ತವೆ. ರಸ್ತೆ ಮುಚ್ಚುತ್ತಾರೆ, ಏಡಿಗಳಿಗಾಗಿಯೇ ಸೇತುವೆ ಕಟ್ಟಿದ್ದಾರೆ, ಊರವರು ಕಾರಿಂದ ಇಳಿದು ಕುಂಟೆಯಿಂದ ಅವನ್ನು ಮೆಲ್ಲಗೆ ಬದಿಗೆ ಸರಿಸಿ ಮುಂದೆ ಹೋಗುತ್ತಾರೆ. ಹೆಣ್ಣು ಏಡಿಗಳು ಮೊಟ್ಟೆ ಬಿಡುವುದು ಕೃಷ್ಣಪಕ್ಷದ ಅರ್ಧಚಂದ್ರದ ಹೊತ್ತಿಗೆ, ನಸುಕಿಗೆ ಮುಂಚೆ, ಉಬ್ಬರ ಇಳಿಯತೊಡಗಿದಾಗ. ಮಳೆ ತಡವಾದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಎಷ್ಟೋ ಜನ ಆರು ತಿಂಗಳ ಮುಂಚೆ ಟಿಕೆಟ್ ಮಾಡಿಸಿ, ಹೋಗಿ, ಖಾಲಿ ರಸ್ತೆ ನೋಡಿ ಬಂದಿದ್ದಾರೆ.

ಮರಳುದಾರಿ
ಓಸ್ಲೋಬ್ ಆದಮೇಲೆ ನಾನು ಎಲ್ಲಿಗೆ ಹೋದೆ ಅಂತಲೂ ಹೇಳ್ತೀನಿ, ಕಡಲಕಿವಿ ಅವರಿಗೆ ಉಪಯೋಗ ಆಗಬಹುದು. ಮಾಲ್ಡೀವ್ಸ್‌ನ ಉಂಗುರದ ಹಾಗೆ ಹರಡಿದ ಹವಳದ್ವೀಪಗಳ ಗುಂಪಾದ ಬಾ ಅಟಾಲ್‌ನಲ್ಲಿ ಹನಿಫಾರು ಕೊಲ್ಲಿ. ನೈಋತ್ಯ ಮಾರುತದ ಕಾಲದಲ್ಲಿ, ಮೇಯಿಂದ ನವೆಂಬರ್ ತನಕ, ಪ್ರವಾಹ ಪ್ಲವಕವನ್ನು ತಂದು ಆ ಪುಟ್ಟ ಕೊಲ್ಲಿಯಲ್ಲಿ ಕೂಡಿಹಾಕುತ್ತೆ. ಅದನ್ನು ತಿನ್ನಲು ಮ್ಯಾಂಟಾ ರೇ ಅನ್ನೋ, ರೆಕ್ಕೆ ಹರಡಿದಂಥ ಅಗಲ ಚಪ್ಪಟೆ ಮೀನುಗಳು ಬರುತ್ತವೆ, ಒಮ್ಮೊಮ್ಮೆ ವೇಲ್ ಶಾರ್ಕೂ ಬರುತ್ತೆ. ಯಾರೂ ಏನೂ ಎರಚೋದಿಲ್ಲ, ಕಡಲೇ ಎರಚುತ್ತೆ. ಸ್ಕೂಬಾ ನಿಷಿದ್ಧ, ನಳಿಗೆಯಲ್ಲಿ ಉಸಿರಾಡ್ತಾ ಮೇಲೆ ತೇಲೋ ಸ್ನಾರ್ಕೆಲ್ ಅಷ್ಟೇ, ಕಾವಲಿನವರು ಸಮಯ ನೋಡಿ ಹೊರಗೆ ಕರೀತಾರೆ.

ಮೊದಲ ದಿನ ನೀರು ಕನ್ನಡಿ ಹಾಗೆ, ತಳದ ಮರಳು ಕಾಣ್ತಿತ್ತು, ಒಂದೂ ಮ್ಯಾಂಟಾ ಇಲ್ಲ. ದೋಣಿಯಾತ ಹೇಳಿದ, ನೀರು ಇಷ್ಟು ತಿಳಿ ಇದ್ದರೆ ಊಟ ಇಲ್ಲ ಅಂತ ಅರ್ಥ. ಎರಡನೇ ದಿನ ಮಳೆ, ನೀರೆಲ್ಲ ಮಂಜು ಕವಿದ ಹಾಗೆ ಹಸಿರು. ಕೈಯಳತೆಯಾಚೆ ಏನೂ ಕಾಣ್ತಿರಲಿಲ್ಲ. ಆ ಮಂಜಿನೊಳಗಿಂದ ಒಂದು ಬಾಯಿ ಬಂತು. ನನಗಿಂತ ಅಗಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಸರಪಳಿ ಕಟ್ಟಿಕೊಂಡು. ನಾನು ಅಲ್ಲಾಡದೆ ತೇಲುತ್ತಿದ್ದೆ. ಒಂದು ನನ್ನ ಹೊಟ್ಟೆಯಡಿಯಿಂದ ಗೇಣು ಅಂತರದಲ್ಲಿ ಜಾರಿ ಹೋಯಿತು. ಅದಕ್ಕೆ ನಾನು ಬೇಕಿರಲಿಲ್ಲ. ಅವತ್ತಿನ ಒಂದು ಫೋಟೋವೂ ಸರಿ ಬಂದಿಲ್ಲ, ಎಲ್ಲ ಹಸಿರು ಗಂಜಿ. ಅದನ್ನು ಮಾತ್ರ ಎಲ್ಲರಿಗೂ ತೋರಿಸ್ತೀನಿ.

ಕಡಲಕಿವಿ
ನಿಮ್ಮ ಬರಹವನ್ನು ಹೆಂಡತಿಗೆ ಓದಿ ಹೇಳಿದೆ. ಅಲ್ಲಿಗೆ ತೀರ್ಮಾನ ಆಯಿತು, ಹನಿಫಾರು. ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ಲವಕ
ಹತ್ತರಲ್ಲಿ ಐದಾದರೂ ಆ ಅಟಾಲ್‌ನಲ್ಲೇ ಇರಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಬೀಳುವ ಹಾಗೆ ನೋಡಿ, ಆಗ ಉಬ್ಬರ ಇಳಿತ ಜೋರು, ಕೊಲ್ಲಿಗೆ ಪ್ಲವಕ ಹೆಚ್ಚು ಸೇರುವ ಸಂಭವ. ರೆಸಾರ್ಟ್ ಬೇಡ ಅಂದಿರಲ್ಲ, ಸ್ಥಳೀಯರು ಇರುವ ಧರವಂಧೂ ದ್ವೀಪದಲ್ಲಿ ಅತಿಥಿಗೃಹಗಳಿವೆ, ಕೊಲ್ಲಿ ಅಲ್ಲಿಂದ ಹತ್ತಿರ.

ಹಾಯಿಪಟ
ಒಂದೇ ಮಾತು. ಮ್ಯಾಂಟಾ ಕಾಣದ ದಿನ ದೋಣಿಯವರ ಹತ್ತಿರ ಹಣ ವಾಪಸ್ ಕೇಳಬೇಡಿ, ಮುಖ ಗಂಟು ಹಾಕಿಕೊಳ್ಳಬೇಡಿ. ಮರುದಿನವೂ ಅವರ ದೋಣಿಯನ್ನೇ ಹತ್ತಿ. ಓಸ್ಲೋಬ್ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ನಿಮ್ಮ ಆಯ್ಕೆ ಒಳ್ಳೆಯದು.

ಕಡಲಕಿವಿ
ಖಂಡಿತ. ಕ್ಯಾಲೆಂಡರ್ ತೆಗೆದು ಆಗಸ್ಟ್, ಸೆಪ್ಟೆಂಬರ್ ಹುಣ್ಣಿಮೆಗಳಿಗೆ ಗುರುತು ಹಾಕಿದ್ದೇವೆ. ಹೆಂಡತಿಗೆ ಈಜು ಬರುತ್ತದೆ, ನನಗೆ ನೀರಿನಲ್ಲಿ ಮುಖ ಇಟ್ಟು ಉಸಿರಾಡಲು ಇನ್ನೂ ಗಾಬರಿ. ನಾಳೆಯಿಂದಲೇ ಅಭ್ಯಾಸ ಶುರು.