ರಸ್ತೆಯ ಫೋಟೋದಲ್ಲಿ ಹೊಸ ಮನೆ ಕೂರಿಸಿದರೆ ಪಕ್ಕದ ಅಂಗಳವೇ ಮಾಯ. ಏನು ಮಾಡಲಿ?

ಚಾಮುಂಡಿಪುರಂ ಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಚಾಮುಂಡಿಪುರಂನಲ್ಲಿ ನಮ್ಮದೊಂದು ಹೆಂಚಿನ ಮನೆ ಇದೆ. ಅಪ್ಪ ಕಟ್ಟಿಸಿದ್ದು. ಅದನ್ನು ಕೆಡವಿ ಗ್ರೌಂಡ್ ಪ್ಲಸ್ ಎರಡು ಕಟ್ಟಬೇಕು ಅಂತಿದ್ದೇವೆ. ಪ್ಯಾರಾಪೆಟ್ ಸೇರಿ 33 ಅಡಿ ಎತ್ತರ. ನಮ್ಮ ಪಶ್ಚಿಮಕ್ಕೆ ಒಬ್ಬರು ಅಜ್ಜಿ ಇದ್ದಾರೆ. ಎರಡು ಮನೆಗಳ ನಡುವೆ ಅವರ ಅಂಗಳ, ಅದರಲ್ಲೊಂದು ನುಗ್ಗೆ ಮರ. ಬೇಸಿಗೆ ಬಂದರೆ ಹಳೇ ಪಂಚೆ ಹಾಸಿ ಅಲ್ಲಿ ಸಂಡಿಗೆ ಇಡುತ್ತಾರೆ. ಚಿಕ್ಕವಳಿದ್ದಾಗ ಕಾಗೆ ಓಡಿಸುತ್ತಾ ನಾನು ಕೂರುತ್ತಿದ್ದದ್ದು ಅಲ್ಲೇ.

ಮೊನ್ನೆ ಅವರು ಕೇಳಿದರು, "ನೀವು ಕಟ್ಟಿದ ಮೇಲೆ ನನಗೆ ಬಿಸಿಲು ಬರುತ್ತೇನಮ್ಮಾ?" ಬಾಯಲ್ಲಿ ಹೇಳುವುದಕ್ಕಿಂತ ತೋರಿಸೋಣ ಅನ್ನಿಸಿತು. ಎದುರಿನ ಫುಟ್‌ಪಾತ್‌ನಿಂದ ಫೋಟೋ ತೆಗೆದೆ. ಎಂಜಿನಿಯರ್ ಕೊಟ್ಟ ಎಲಿವೇಶನ್ (ಮನೆಯ ಮುಂಭಾಗದ ನಕ್ಷೆ) ಜೊತೆಗೆ ಅದನ್ನು ಒಂದು ಎಐ ಸಹಾಯಕನಿಗೆ ಕೊಟ್ಟು, ಈ ಜಾಗದಲ್ಲಿ ಈ ಮನೆ ಕೂರಿಸು ಅಂದೆ.

ಚಿತ್ರ ತುಂಬಾ ಚೆನ್ನಾಗಿ ಬಂತು. ಆದರೆ ನುಗ್ಗೆ ಮರ ಇಲ್ಲ. ಅಂಗಳ ಕಿರಿದಾಗಿ ಒಂದು ಗಲ್ಲಿ ಆಗಿದೆ. ಅಜ್ಜಿಯ ಮನೆಯ ಹೆಂಚು ಹೋಗಿ ತಾರಸಿ ಬಂದಿದೆ. ರಸ್ತೆ ಅಗಲವಾಗಿದೆ, ನಮ್ಮ ಮೂರು ಮಹಡಿ ಗಿಡ್ಡವಾಗಿ ಕಾಣುತ್ತಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ನಮ್ಮ ಅಂಗಳ ಎಲ್ಲಿ ಹೋಯ್ತು?" ಅಂದರು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅವರಿಗೆ ತಪ್ಪು ಚಿತ್ರ ತೋರಿಸಿ ಒಪ್ಪಿಸುವುದು ನನಗೆ ಬೇಡವೇ ಬೇಡ. ನಿಜವಾದ ಅಳತೆಯಲ್ಲಿ ಕೂರಿಸುವುದು ಹೇಗೆ?

ನಕ್ಷೆ ಬರೆಯುವವ:
ಮೇಡಂ, ಇದು ಎಲ್ಲರಿಗೂ ಆಗುವ ತೊಂದರೆ. ಒಂದೇ ಜಾಗ ಬದಲಿಸು ಅಂದರೂ ಎಐ ಸಾಮಾನ್ಯವಾಗಿ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ನೀವು 33 ಅಡಿ ಅಂತ ಬರೆದರೂ ಅದು ಅಳೆಯುವುದಿಲ್ಲ, ಅಂದಾಜಿನಲ್ಲಿ ಕೂರಿಸುತ್ತದೆ. ಹಾಗಾಗಿ ಅಳತೆಯ ಕೆಲಸ ಅದಕ್ಕೆ ಬಿಡಬೇಡಿ.

ಮೊದಲು ಫೋಟೋ. ಮೊಬೈಲ್‌ನ ಮಾಮೂಲಿ ಲೆನ್ಸ್ ವೈಡ್ ಇರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. 2ಎಕ್ಸ್ ಜೂಮ್ ಇಟ್ಟು, ಹಿಂದೆ ಸರಿದು, ಕಣ್ಣಿನ ಮಟ್ಟದಲ್ಲಿ ಹಿಡಿದು ತೆಗೆಯಿರಿ. ಆಮೇಲೆ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆಯನ್ನು ಸುಮ್ನೆ ಬಿಳಿ ಡಬ್ಬದ ಹಾಗೆ ಅಳತೆಗೆ ಸರಿಯಾಗಿ ಕಟ್ಟಿ. ಎಫ್‌ಸ್ಪೈ ಅಂತ ಉಚಿತ ಸಾಫ್ಟ್‌ವೇರ್ ಇದೆ. ಫೋಟೋದಲ್ಲಿನ ಕಾಂಪೌಂಡ್, ಕಿಟಕಿಗಳ ಗೆರೆ ಹಿಡಿದು ಕ್ಯಾಮೆರಾ ಎಲ್ಲಿತ್ತು ಅಂತ ಅದು ಲೆಕ್ಕ ಹಾಕುತ್ತದೆ. ಸ್ಕೆಚಪ್ ಅನ್ನುವ 3ಡಿ ಸಾಫ್ಟ್‌ವೇರ್ ಬಳಸುವವರಿಗೆ ಅದೇ ಕೆಲಸಕ್ಕೆ ಮ್ಯಾಚ್ ಫೋಟೋ ಇದೆ. ಡಬ್ಬ ಸರಿಯಾಗಿ ಕೂತ ಮೇಲೆ ಎಐಗೆ ಬಣ್ಣ, ಗಾಜು, ಗ್ರಿಲ್ ಮಾತ್ರ ಬಿಡಿ. ಕೊನೆಗೆ ಫೋಟೋ ತಿದ್ದುವ ಗಿಂಪ್‌ನಲ್ಲಿ ಮನೆಯ ಭಾಗವನ್ನಷ್ಟೇ ಕತ್ತರಿಸಿ ಮೂಲ ಫೋಟೋ ಮೇಲೆ ಅಂಟಿಸಿ. ಅಜ್ಜಿಯ ಅಂಗಳ ಫೋಟೋದಲ್ಲಿ ಇದ್ದ ಹಾಗೇ ಉಳಿಯುತ್ತದೆ.

ಅಂಗಳದ ನಡು ನಿಮ್ಮ ಗೋಡೆಯಿಂದ ಎಷ್ಟು ದೂರ? ಈಗಿನ ಮನೆಯ ಎತ್ತರ ಎಷ್ಟು?

ಚಾಮುಂಡಿಪುರಂ ಮನೆ:
ಟೇಪ್ ಹಿಡಿದು ಅಳೆದೆ. ದೂರ 15 ಅಡಿ. ಈಗಿನ ಮಾಡು 12 ಅಡಿ.

ಜ್ಯೂರಿಕ್ ಕನ್ನಡಿಗ:
ನಾನು ಸ್ವಿಟ್ಜರ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಮನೆ ಕಟ್ಟುವ ಮೊದಲು ಕಟ್ಟಡ ಬರುವ ಜಾಗದ ಮೂಲೆ ಮೂಲೆಯಲ್ಲಿ ಎತ್ತರದ ಕಂಬ ನಿಲ್ಲಿಸುತ್ತಾರೆ. ಬೌಗೆಶ್ಪಾನ್ ಅಂತಾರೆ. ಕಂಬದ ತುದಿ ಎಲ್ಲಿದೆಯೋ ಕಟ್ಟಡ ಅಲ್ಲಿಯವರೆಗೆ. ಜ್ಯೂರಿಕ್‌ನಲ್ಲಿ 20 ದಿನ ನಕ್ಷೆಯನ್ನು ಜನರ ಮುಂದೆ ಇಡುತ್ತಾರೆ, ಆ ಕಾಲದಲ್ಲಿ ಕಂಬಗಳೂ ನಿಂತಿರುತ್ತವೆ. ಅಕ್ಕಪಕ್ಕದವರು ತಮ್ಮ ಅಡುಗೆಮನೆ ಕಿಟಕಿಯಿಂದಲೇ ನೋಡಬಹುದು. ನಿಮ್ಮಲ್ಲಿ ಬಿದಿರು ಸಿಗುತ್ತದಲ್ವಾ? ಕಂಬ ನಿಲ್ಲಿಸಿಯೇ ಫೋಟೋ ತೆಗೆದರೆ ಚಿತ್ರದ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಲೂ ಆಗುತ್ತದೆ.

ನಕ್ಷೆ ಬರೆಯುವವ:
ಒಳ್ಳೆಯ ಮಾತು, ಖಂಡಿತ ಮಾಡಿ. ನೆರಳಿನ ಲೆಕ್ಕ ಹಾಕಿದ್ದೇನೆ. ಎಐ ಬರೆದ ನೆರಳನ್ನು ನಂಬಬೇಡಿ, ಅದಕ್ಕೆ ದಿಕ್ಕೂ ಗೊತ್ತಿಲ್ಲ, ತಿಂಗಳೂ ಗೊತ್ತಿಲ್ಲ. ಬ್ಲೆಂಡರ್‌ನಲ್ಲಿ ಸೂರ್ಯ ಎಲ್ಲಿರುತ್ತಾನೆ ಅಂತ ಲೆಕ್ಕ ಹಾಕುವ ಸನ್ ಪೊಸಿಷನ್‌ನಲ್ಲಿ ಅಕ್ಷಾಂಶ 12.3, ರೇಖಾಂಶ 76.6 ಕೊಡಿ. ಏಪ್ರಿಲ್ 23ರ ಸುಮಾರಿಗೆ ಮೈಸೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಬೆಳಗಿನ ನೆರಳು ನೇರ ಪಶ್ಚಿಮಕ್ಕೆ, ಅಂದರೆ ಅಜ್ಜಿಯ ಅಂಗಳಕ್ಕೇ ಬೀಳುತ್ತದೆ. ಈಗ ಅಂಗಳದ ನಡುವಿಗೆ 8.50ರ ಹೊತ್ತಿಗೆ ಬಿಸಿಲು ಬರುತ್ತಿದೆ. 33 ಅಡಿ ಕಟ್ಟಿದರೆ 10.40 ಆಗುತ್ತದೆ. ಎರಡನೇ ಮಹಡಿಯ ಪಶ್ಚಿಮದ ಗೋಡೆಯನ್ನು ಮಾತ್ರ 10 ಅಡಿ ಪೂರ್ವಕ್ಕೆ ಸರಿಸಿ. ಆಗ ಅಡ್ಡ ಬರುವುದು ಮೊದಲ ಮಹಡಿಯ ಮೇಲಿನ ಪ್ಯಾರಾಪೆಟ್, 23 ಅಡಿ. ಬಿಸಿಲು 10.05ಕ್ಕೆ ಬರುತ್ತದೆ. ನಿಮಗೂ ಒಂದು ಓಪನ್ ಟೆರೇಸ್ ಸಿಗುತ್ತದೆ.

ಚಾಮುಂಡಿಪುರಂ ಮನೆ:
ಭಾನುವಾರ ಸೆಂಟ್ರಿಂಗ್‌ನವರ ಹತ್ತಿರ ಬಿದಿರಿನ ಗಳ ತಂದು, ಎರಡನ್ನು ಜೋಡಿಸಿ ಕಟ್ಟಿ ಗೋಡೆಯ ಪಕ್ಕ ನಿಲ್ಲಿಸಿದೆವು. 33 ಅಡಿಗೆ ಕೆಂಪು ಬಟ್ಟೆ, 23 ಅಡಿಗೆ ಬಿಳಿ ಬಟ್ಟೆ. ಅದರ ಸಮೇತ ಫೋಟೋ ತೆಗೆದು ನೀವು ಹೇಳಿದ ಹಾಗೆ ಡಬ್ಬ ಕೂರಿಸಿದೆ. ಡಬ್ಬದ ಅಂಚು ಕೆಂಪು ಬಟ್ಟೆಗೆ ಸರಿಯಾಗಿ ತಾಗಿತು. ಮೊದಲಿನ ಎಐ ಚಿತ್ರದಲ್ಲಿ ನಮ್ಮ ಮನೆ ಬಿಳಿ ಬಟ್ಟೆಗಿಂತ ಸ್ವಲ್ಪವೇ ಮೇಲಿತ್ತು!

ಹೊಸ ಚಿತ್ರದಲ್ಲಿ ಅಂಗಳ ಇದೆ, ಪಂಚೆ ಇದೆ, ನುಗ್ಗೆ ಮರವೂ ಇದೆ. ಅಜ್ಜಿ ಒಮ್ಮೆ ಚಿತ್ರ ನೋಡಿದರು, ಒಮ್ಮೆ ತಲೆ ಎತ್ತಿ ಗಳ ನೋಡಿದರು. ಕೆಂಪು ಬಟ್ಟೆ ನೋಡಿ, "ಅಷ್ಟೆತ್ತರಾನಾ?" ಅಂದರು. ಬಿಳಿ ಬಟ್ಟೆಯ ಲೆಕ್ಕ ಹೇಳಿದೆ. "ಹತ್ತಕ್ಕೆ ಬಿಸಿಲು ಬಂದ್ರೆ ಸಂಡಿಗೆ ಒಣಗುತ್ತೆ. ಒಂದು ದಿನ ಜಾಸ್ತಿ ಬೇಕಾಗಬಹುದು" ಅಂದರು. ಎರಡನೇ ಮಹಡಿಯಲ್ಲಿ ಒಂದು ರೂಮು ಚಿಕ್ಕದಾಗುತ್ತದೆ, ನಮ್ಮವರೂ ಒಪ್ಪಿದ್ದಾರೆ. ಬುಧವಾರ ಎಂಜಿನಿಯರ್ ಬರುತ್ತಾರೆ. ಅಲ್ಲಿಯವರೆಗೆ ಗಳ ಬಿಚ್ಚಬೇಡಿ, ದಿನಾ ಬೆಳಿಗ್ಗೆ ಅದರ ನೆರಳು ನೋಡ್ತೀನಿ ಅಂತ ಅಜ್ಜಿ ಹೇಳಿದ್ದಾರೆ.