ಗುಂಡನ ತಲೆಗೆ ಕಾಪಿರೈಟ್ ಯಾರದು?

ಗುಂಡನಿಗೆ ಒಂದು ಕಾಯಿಲೆ ಇದೆ. ಯಾವ ಸಿನಿಮಾದ ಹೆಸರು ಕಿವಿಗೆ ಬಿದ್ದರೂ "ಲಿಂಕ್ ಇದ್ಯಾ?" ಅಂತಾನೆ. ಚೆನ್ನಾಗಿದ್ಯಾ ಅಂತ ಕೇಳಲ್ಲ, ಯಾರು ಮಾಡಿದ್ದು ಅಂತ ಕೇಳಲ್ಲ. ಲಿಂಕ್ ಸಿಕ್ಕಮೇಲೆ ತಾನು ನೋಡುವುದೂ ಅಷ್ಟಕ್ಕಷ್ಟೆ. ನಮಗೆಲ್ಲ ಕಳಿಸುತ್ತಾನೆ, ಅದೇ ಅವನ ದಾನಧರ್ಮ. ಬೆಳಿಗ್ಗೆ ಕಣ್ಣು ಬಿಟ್ಟರೆ ಫೋನಿನಲ್ಲಿ ಮೂರು ಸಿನಿಮಾ, ಒಂದು ಶುಭೋದಯದ ಗುಲಾಬಿ. ಗುಲಾಬಿಯೂ ಕದ್ದದ್ದೇ ಅಂತ ಪದ್ದಕ್ಕನ ಗುಮಾನಿ.

ಮೊನ್ನೆ ಶಾಮಣ್ಣನ ಮನೆಯಲ್ಲಿ ಸೇರಿದಾಗ ಗುಂಡ ಒಂದು ಹಳೇ ಸಿನಿಮಾ ತಂದಿದ್ದ. ಎರಡು ವರ್ಷದ ಹಿಂದೆ ನಾವು ಐದು ಜನ ಥಿಯೇಟರಿಗೇ ಹೋಗಿ ನೋಡಿದ್ದು.

"ನೋಡಿದ್ದನ್ನೇ ಮತ್ತೆ ಯಾಕೋ ಕದ್ದೆ?" ಅಂದಳು ಪದ್ದಕ್ಕ.

"ಕದ್ದಿದ್ದಲ್ಲ ಅಕ್ಕಾ, ಡೌನ್‌ಲೋಡ್ ಮಾಡಿದ್ದು. ಆವತ್ತು ನಾನು ಮಧ್ಯದಲ್ಲಿ ಎದ್ದು ಹೋಗಿದ್ದೆ. ಆ ಐದು ನಿಮಿಷದಲ್ಲಿ ಕೊಲೆ ಮಾಡಿದ್ದು ಯಾರು ಅಂತ ತೋರಿಸಿಬಿಟ್ರಂತೆ."

"ನಮ್ಮನ್ನ ಕೇಳಬಾರದಾ?"

"ಕೇಳಿದೆ. ನಾಲ್ಕು ಜನ ನಾಲ್ಕು ಹೆಸರು ಹೇಳಿದ್ರಿ. ಮೂರ್ತಿ ಅಂತೂ ಬೇರೆ ಸಿನಿಮಾದ ಕೊಲೆಗಾರನ ಹೆಸರು ಹೇಳಿದ."

ಟಿವಿಗೆ ಹಾಕಿದ. ಚಿತ್ರ ಒಂದು ಕಡೆಗೆ ವಾಲಿತ್ತು. ಬಣ್ಣವೆಲ್ಲ ನಾಲ್ಕು ಸಲ ಒಗೆದು ಒಣಗಿಸಿದ ಹಾಗೆ. ಮೇಲುಗಡೆ ಯಾವುದೋ ಜೂಜಿನ ಜಾಹೀರಾತು. ನಾಯಕ ಅಪ್ಪನ ಹೆಣದ ಮುಂದೆ ಅಳುತ್ತಿದ್ದರೆ ಅವನ ಹಣೆಯ ಮೇಲೆ "ಈಗಲೇ ಆಡಿ, ಗೆಲ್ಲಿ" ಅಂತ ಹೊಳೆಯುತ್ತಿತ್ತು. ಕೆಳಗೆ ಯಾವ ದೇಶದ್ದೋ ಲಿಪಿಯಲ್ಲಿ ಸಬ್‌ಟೈಟಲ್, ಯಂತ್ರ ಮಾಡಿದ್ದಿರಬೇಕು. ಇವೆರಡರ ನಡುವೆ, ಪರದೆಯ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಒಂದು ತಲೆ.

ಕ್ಯಾಮೆರಾ ಇಟ್ಟವನ ಮುಂದಿನ ಸಾಲಿನಲ್ಲಿ ಯಾರೋ ಕೂತಿದ್ದರು, ಅವರದು. ನಾಯಕಿ ಮಾತಾಡಿದಾಗೆಲ್ಲ ಆ ತಲೆಯ ಮೇಲೆ ಗಲ್ಲ ಊರಿಕೊಂಡ ಹಾಗೆ ಕಾಣುತ್ತಿತ್ತು.

"ಪಾಪ, ಸಂಬಳ ಇಲ್ಲ, ಹೆಸರಿಲ್ಲ. ಪಾಸ್‌ಪೋರ್ಟೂ ಇಲ್ಲದೆ ಎಷ್ಟು ದೇಶ ಸುತ್ತಿದೆಯೋ ಈ ತಲೆ," ಅಂದೆ ನಾನು.

ಶಾಮಣ್ಣನೊಳಗಿನ ವಕೀಲ ಎದ್ದು ಕೂತ. "ತೆರೆ ಮೇಲೆ ನಟಿಸಿದವರಿಗೂ ಹಕ್ಕಿದೆಯಪ್ಪ. 2012ರಲ್ಲಿ ಬೀಜಿಂಗ್‌ನಲ್ಲಿ ಒಪ್ಪಂದ ಆಯ್ತು, 2020ರಲ್ಲಿ ಜಾರಿಗೆ ಬಂತು."

"ಈ ತಲೆ ಏನು ನಟಿಸಿದೆ?" ಅಂದ ಗುಂಡ.

"ಇಷ್ಟು ಹೊತ್ತು ಅಲುಗಾಡದೆ ಕೂತಿದೆ. ನಾಯಕನ ಕೈಲಿ ಅದೂ ಆಗ್ತಿಲ್ಲ," ಅಂದಳು ಪದ್ದಕ್ಕ.

ಗುಂಡನಿಗೆ ಸಿಟ್ಟು ಬಂತು. "ಸುಮ್ನೆ ಎಲ್ಲದಕ್ಕೂ ಹಕ್ಕು ಹಕ್ಕು ಅಂತೀರಿ. ಒಂದು ಕಾಪಿ ತಗೊಂಡೆ. ಮೂಲ ಸಿನಿಮಾ ಇದ್ದಲ್ಲೇ ಇದೆ ತಾನೆ? ಯಾರಿಗೇನು ನಷ್ಟ?"

"ಪರೀಕ್ಷೆಯಲ್ಲಿ ಪಕ್ಕದವನು ಕಾಪಿ ಹೊಡೆದರೂ ನಿನ್ನ ಉತ್ತರ ಇದ್ದಲ್ಲೇ ಇರುತ್ತೆ. ಮತ್ತೆ ಯಾಕೆ ಕೈ ಅಡ್ಡ ಇಟ್ಕೊಂಡು ಬರೀತಿದ್ದೆ?"

ಗುಂಡನ ಉತ್ತರವನ್ನು ಯಾರೂ ಕಾಪಿ ಹೊಡೆಯುತ್ತಿರಲಿಲ್ಲ, ಆ ಮಾತು ಬೇರೆ.

"ಇದೇನು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ," ಅಂದ ಶಾಮಣ್ಣ. "ಫ್ರಾನ್ಸಿನ ಮೆಲಿಯೆ 1902ರಲ್ಲಿ ಚಂದ್ರನ ಮೇಲೆ ಹೋಗೋ ಸಿನಿಮಾ ಮಾಡಿದ. ಅಮೆರಿಕದಲ್ಲಿ ಅದರ ಕಳ್ಳ ಕಾಪಿಗಳು ಭರ್ಜರಿಯಾಗಿ ಓಡಿದ್ವು. ಮಾರಿದವರಲ್ಲಿ ಎಡಿಸನ್ ಕಂಪನಿಯೂ ಒಂದು."

"ಬಲ್ಬಿನ ಎಡಿಸನ್ನಾ?"

"ಅವನೇ. ತನ್ನ ಪೇಟೆಂಟ್ ಮುಟ್ಟಿದವರ ಮೇಲೆ ಮಾತ್ರ ಕೇಸು ಹಾಕ್ತಿದ್ದ. ಮೆಲಿಯೆ ಕೊನೆಗೆ ಅಣ್ಣನನ್ನೇ ನ್ಯೂಯಾರ್ಕಿಗೆ ಕಳಿಸಿದ, ಹೋಗಿ ನಮ್ಮ ಸಿನಿಮಾ ಕಾಯಿ ಅಂತ. ಸಾಲದು ಅಂತ ತನ್ನ ಕಂಪನಿಯ ನಕ್ಷತ್ರದ ಗುರುತನ್ನ ಸೆಟ್ಟಿನಲ್ಲೇ ಕಾಣೋ ಹಾಗೆ ಇಡ್ತಿದ್ದ."

"ಆಗ ನಕ್ಷತ್ರ, ಈಗ ತಲೆ," ಅಂದಳು ಪದ್ದಕ್ಕ.

"ಅದಕ್ಕೂ ಮುಂಚೆ, 1886ರಲ್ಲೇ ಬರ್ನ್ ಒಪ್ಪಂದ ಆಗಿತ್ತು. ಬೇರೆ ದೇಶದವನ ಕೃತಿಗೂ ನಿನ್ನ ದೇಶದವನಿಗೆ ಕೊಡೋ ರಕ್ಷಣೆಯನ್ನೇ ಕೊಡು ಅಂತ. ಅದಕ್ಕಾಗಿ ಓಡಾಡಿದವರಲ್ಲಿ ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೊ ದೊಡ್ಡವನು. ಒಪ್ಪಂದ ಆಗೋಕೆ ಒಂದು ವರ್ಷ ಇರುವಾಗ ಸತ್ತುಹೋದ. ಅಮೆರಿಕ ಸೇರಿದ್ದು 1989ರಲ್ಲಿ."

"103 ವರ್ಷ! ಅಲ್ಲೀತನಕ ಏನು, ಲಿಂಕ್ ಕೇಳ್ತಿದ್ರಾ?"

"ಬರೆದವನು ಸತ್ತ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರಬೇಕು ಅನ್ನುತ್ತೆ ಬರ್ನ್."

ಗುಂಡ ಸೋಫಾದಿಂದ ಮುಂದಕ್ಕೆ ಬಂದ. "ಇದು ಅತಿಯಾಯ್ತು ಶಾಮಣ್ಣ. ಸತ್ತವನಿಗೆ ಯಾತಕ್ಕೆ ಹಕ್ಕು? ಅವನೇನು ಎದ್ದು ಬಂದು ಕೇಳ್ತಾನಾ?"

ಅಷ್ಟರಲ್ಲಿ ಟಿವಿಯಲ್ಲಿ ತಲೆ ಎದ್ದು ನಿಂತಿತು. ಪರದೆ ಪೂರ್ತಿ ಕಪ್ಪಾಯಿತು. ಒಂದು ದನಿ ಕೇಳಿಸಿತು: "ಸ್ವಲ್ಪ ಕಾಲ್ ತೆಗೀರಿ ಸಾರ್, ಅರ್ಜೆಂಟು."

ಕೆಳಗೆ ಸಬ್‌ಟೈಟಲ್ ಕೂಡ ಬಂತು. ಯಂತ್ರ ಅದನ್ನೂ ಅನುವಾದ ಮಾಡಿತ್ತು. ಆ ದೇಶದ ಪ್ರೇಕ್ಷಕರು ಈ ಅರ್ಜೆಂಟಿನ ಮನುಷ್ಯ ಕತೆಯಲ್ಲಿ ಮುಂದೆ ಬರ್ತಾನೆ ಅಂತ ಕೊನೇತನಕ ಕಾದಿರಬೇಕು.

"ನಿಲ್ಲಿಸು, ಹಿಂದಕ್ಕೆ ಹಾಕು," ಅಂದಳು ಪದ್ದಕ್ಕ. ಮತ್ತೆ "ಕಾಲ್ ತೆಗೀರಿ ಸಾರ್". ಅವಳು ಟಿವಿ ಹತ್ತಿರ ಹೋದಳು. ತಲೆಯ ಬಲಗಿವಿ ಎಡಗಿವಿಗಿಂತ ಎರಡು ಬೆರಳು ಹೊರಗೆ ಚಾಚಿತ್ತು. ತಿರುಗಿ ಗುಂಡನ ಬಲಗಿವಿ ನೋಡಿದಳು. ನಾವೂ ನೋಡಿದೆವು. ಗುಂಡ ಕಿವಿ ಮುಚ್ಚಿಕೊಂಡ.

ಆವತ್ತು ಟಿಕೆಟ್ ಒಟ್ಟಿಗೆ ಸಿಕ್ಕಿರಲಿಲ್ಲ. ಗುಂಡ ಮುಂದಿನ ಸಾಲು, ನಾವು ನಾಲ್ಕು ಜನ ಹಿಂದೆ.

"ಅಂದರೆ ಕ್ಯಾಮೆರಾದವನು ನಮ್ಮ ಸಾಲಲ್ಲೇ ಇದ್ದ!" ಅಂದ ಶಾಮಣ್ಣ. "ಮೂರ್ತಿಯ ಆಚೆ ಯಾರೋ ಒಬ್ಬ ಎದೆ ಮೇಲೆ ಜಾಕೆಟ್ ಹೊದ್ಕೊಂಡಿದ್ದ. ಚಳಿಜ್ವರ ಅಂದುಕೊಂಡಿದ್ದೆ."

ಯಾರೂ ಕೈ ಹಚ್ಚಲಿಲ್ಲ, ಸಿನಿಮಾ ತಾನಾಗಿಯೇ ಮುಂದುವರಿಯಿತು. ತನಿಖೆಯ ಅಧಿಕಾರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. "ಕೊಲೆಗಾರ ಇಲ್ಲೇ ಇದ್ದಾನೆ" ಅಂತ ಬೆರಳು ಎತ್ತಿದ. ಗುಂಡ ಉಸಿರು ಬಿಗಿಹಿಡಿದ. ಬೆರಳು ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ನಿಂತಿತು. ಅದೇ ಕ್ಷಣಕ್ಕೆ ಹೋಗಿದ್ದ ತಲೆ ವಾಪಸ್ ಬಂತು. ಪರದೆ ಕಪ್ಪು. "ನನ್ನ ಸೀಟು ಇದೇ ಅಲ್ವಾ?" ಅನ್ನುವ ದನಿ.

ಎರಡು ವರ್ಷದಿಂದ ಯಾವ ದೃಶ್ಯಕ್ಕಾಗಿ ಕಾದಿದ್ದನೋ ಅದಕ್ಕೆ ಅವನ ತಲೆಯೇ ಅಡ್ಡ. ನಾವು ನಕ್ಕು ನಕ್ಕು ಸುಸ್ತಾದೆವು.

"ಈಗಿನ ಪ್ರೊಜೆಕ್ಟರ್‌ಗಳು ಕಣ್ಣಿಗೆ ಕಾಣದ ಗುರುತು ಹಾಕ್ತವೆ ಗುಂಡ," ಅಂದ ಶಾಮಣ್ಣ, ಕಣ್ಣು ಒರೆಸಿಕೊಳ್ಳುತ್ತ. "ಕಳ್ಳ ಕಾಪಿ ಸಿಕ್ಕರೆ ಯಾವ ಥಿಯೇಟರ್, ಎಷ್ಟು ಹೊತ್ತಿನ ಆಟ ಅಂತ ಹೇಳಬಹುದು. ಹುಡುಕಿಕೊಂಡು ಬಂದರೆ ಮೊದಲು ಕಾಣೋದು ನೀನೇ."

ಗುಂಡ ಬೆವೆತ. ಆಮೇಲೆ ರೇಗಿದ. "ನನ್ನ ಅನುಮತಿ ಇಲ್ಲದೆ ನನ್ನ ತಲೇನ ಊರೂರು ಮೆರವಣಿಗೆ ಮಾಡಿದ್ದಾರಲ್ಲ! ಇದು ಅನ್ಯಾಯ. ತೆಗೆಸಬೇಕು. ಇವತ್ತೇ ತೆಗೆಸಬೇಕು!"

ಲಿಂಕ್ ಕಳಿಸುವ ಕೈ ಅರ್ಜಿ ಬರೆಯಲು ಪೆನ್ನು ಹುಡುಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಲ್ಲಿ ತೆಗೆಸ್ತೀಯ?" ಅಂದ ಶಾಮಣ್ಣ. "ಸೈಟಿನ ಹೆಸರು ಒಂದು ದೇಶದಲ್ಲಿ, ಸರ್ವರ್ ಇನ್ನೊಂದರಲ್ಲಿ, ನಡೆಸೋನು ಮತ್ತೆಲ್ಲೋ. ಅವನ ಹೆಸರೂ ಗೊತ್ತಿಲ್ಲ. ಅಮೆರಿಕದಲ್ಲಿ ಇಂಥವನಿಗೆ ಕೋರ್ಟು ಜಾನ್ ಡೋ ಅನ್ನುತ್ತೆ, ಭಾರತದಲ್ಲಿ ಅಶೋಕ್ ಕುಮಾರ್."

"ಯಾವ ಅಶೋಕ್ ಕುಮಾರ್?"

"ಯಾರೋ ಒಬ್ಬ ಅಂತ ಅರ್ಥ. ಆ ಹೆಸರಲ್ಲೇ ಆದೇಶ ಬರುತ್ತೆ."

"ಪಾಪ, ನಿಜವಾದ ಅಶೋಕ್ ಕುಮಾರ್‌ಗಳು ಪೇಪರ್ ಓದಿ ಬೆಚ್ಚಿಬೀಳ್ತಾರೇನೋ," ಅಂದಳು ಪದ್ದಕ್ಕ.

"ಒಂದು ಸೈಟ್ ಮುಚ್ಚಿದರೆ ಹೆಸರಿಗೆ ಒಂದು ಅಕ್ಷರ ಸೇರಿಸಿಕೊಂಡು ಹತ್ತು ಏಳ್ತವೆ, ರಕ್ತಬೀಜಾಸುರನ ಹಾಗೆ. 2019ರಲ್ಲಿ ದೆಹಲಿ ಹೈಕೋರ್ಟು ಅದಕ್ಕೊಂದು ದಾರಿ ಮಾಡ್ತು. ವೇಷ ಬದಲಿಸಿ ಬಂದ ಸೈಟಿಗೆ ಹೊಸ ಕೇಸು ಬೇಡ, ಹಳೇ ಆದೇಶಕ್ಕೇ ಸೇರಿಸಿ ಅಂತ. ಆದರೂ ಆ ಬಾಗಿಲು ಮುಚ್ಚೋದು ಆ ದೇಶದಲ್ಲಿ ಮಾತ್ರ."

"ಕೋರ್ಟಿನ ಆದೇಶಕ್ಕೆ ವೀಸಾ ಬೇಕು ಗುಂಡ," ಅಂದಳು ಪದ್ದಕ್ಕ. "ನಿನ್ನ ತಲೆಗೆ ಬೇಡ."

"ಎಲ್ಲಾ ಕಾಪಿ ಸುಟ್ಟುಹಾಕಿ ಅಂತ ಆದೇಶ ತಂದರೆ?"

"ಅದೂ ಒಂದ್ಸಲ ಆಗಿದೆ. 1922ರ ನೊಸ್ಫೆರಾಟು. ಡ್ರಾಕುಲಾ ಕಾದಂಬರಿಯ ಕತೇನ ಜರ್ಮನಿಯವರು ಕೇಳದೇ ಎತ್ತಿಕೊಂಡು ಸಿನಿಮಾ ಮಾಡಿದ್ರು. ಕಾದಂಬರಿಕಾರನ ಹೆಂಡತಿ ಬಿಡಲಿಲ್ಲ. 1925ರಲ್ಲಿ ಕೋರ್ಟು ಎಲ್ಲಾ ಕಾಪಿ ನಾಶ ಮಾಡಿ ಅಂತು. ಆದರೆ ಕೆಲವು ಅಷ್ಟರಲ್ಲೇ ಗಡಿ ದಾಟಿದ್ವು. ಜನ ಇವತ್ತಿಗೂ ಆ ಸಿನಿಮಾ ನೋಡ್ತಿರೋದು ಅವುಗಳಿಂದಲೇ."

ಹತ್ತು ನಿಮಿಷದ ಹಿಂದಿನ ಗುಂಡನಾಗಿದ್ದರೆ ಕುಣಿದಾಡುತ್ತಿದ್ದ. ಈಗ ಮುಖ ಇನ್ನಷ್ಟು ಇಳಿಯಿತು.

ಸಿನಿಮಾ ಓಡುತ್ತಲೇ ಇತ್ತು. ಪೆದ್ದ ಕಾನ್‌ಸ್ಟೇಬಲ್ ಏನೋ ತಮಾಷೆ ಮಾಡಿದ. ಥಿಯೇಟರ್ ಪೂರ್ತಿ ಗೊಳ್ಳೆಂದಿತು. ನಗು ಇಳಿಯಿತು, ದೃಶ್ಯ ಬದಲಾಯಿತು, ನಾಯಕನ ಅಮ್ಮ ದೇವರ ಮುಂದೆ ಕೈಮುಗಿದು ನಿಂತಳು. ಆಗ, ಕ್ಯಾಮೆರಾದ ಪಕ್ಕದಲ್ಲೇ, ಒಂದೇ ಒಂದು ನಗು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ತಡೆಯಲಾರದೆ ಕೆಮ್ಮು ಬರುವ ತನಕ.

ಕೆಳಗೆ ಆ ಗೊತ್ತಿಲ್ಲದ ಲಿಪಿಯಲ್ಲಿ ಪುಟ್ಟದಾಗಿ ಏನೋ ಬಂತು. ಯಂತ್ರಕ್ಕೆ ಅದೂ ಸಿನಿಮಾದ್ದೇ ಅನಿಸಿರಬೇಕು.

"ಈಗ ಅರ್ಥ ಆಯ್ತು ಇವನಿಗೆ," ಅಂದಳು ಪದ್ದಕ್ಕ. ಮೂರ್ತಿ ಹೀಗೆ ತಡವಾಗಿ ನಕ್ಕಾಗೆಲ್ಲ ಅವಳು ಹೇಳುತ್ತಿದ್ದ ಮಾತು. ಬಾಯಿತಪ್ಪಿ ಬಂದಿರಬೇಕು. ಹೇಳಿ ಕಿಟಕಿ ಕಡೆ ನೋಡಿದಳು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶಾಮಣ್ಣನಿಗೂ ಯಾವ ಕಾಯಿದೆಯೂ ನೆನಪಾಗಲಿಲ್ಲ.

ಗುಂಡ ರಿಮೋಟ್ ಒತ್ತಿ ಹಿಂದಕ್ಕೆ ಹೋದ. ಮತ್ತೆ ಕಾನ್‌ಸ್ಟೇಬಲ್, ಮತ್ತೆ ದೇವರು, ಮತ್ತೆ ಮೂರ್ತಿ.

"ಸಿನಿಮಾ ಅಳಿಸಿಬಿಡ್ತೀನಿ," ಅಂದ ಆಮೇಲೆ. "ಈ ನಗು ಒಂದು ಇಟ್ಕೋತೀನಿ. ಯಾರಿಗೂ ಕಳಿಸಲ್ಲ. 50 ವರ್ಷ ಅಂದ್ರಲ್ಲ?"

"49," ಅಂದಳು ಪದ್ದಕ್ಕ.